ಬಳಕೆದಾರರ ಕೈಪಿಡಿ ಮತ್ತು ಹಳೆಯ ತಂತ್ರಾಂಶ

ಗಣಕೀಕೃತ ಸೇವೆಗಳ ಕೈಪಿಡಿಗಳನ್ನು ಸ್ಫಿಂಕ್ಸ್ ತಂತ್ರಾಂಶದಿಂದ ಸಿದ್ಧಪಡಿಸುವುದುಂಟು. ಸದರಿ ತಂತ್ರಾಂಶವು ಪುಟವಿನ್ಯಾಸಕ್ಕೆ ಜಿಂಜಾ ಎಂಬ ಮತ್ತೊಂದು ತಂತ್ರಾಂಶವನ್ನು ಅವಲಂಬಿಸಿರುತ್ತದೆ. 2022ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಜಿಂಜಾ 3.1ರಲ್ಲಿ ಕೆಲವು ಹಳೆಯ ಸೌಲಭ್ಯಗಳನ್ನು ಕೈಬಿಡಲಾಯಿತು. ಜಿಂಜಾದ ಆವೃತ್ತಿಯನ್ನು ನಿಗದಿಪಡಿಸದೆ ಸ್ಫಿಂಕ್ಸ್ 4.0.2ಕ್ಕಿಂತ ಹಿಂದಿನ ಆವೃತ್ತಿಯನ್ನು ಬಳಸುತ್ತಿದ್ದ ಕಡೆಗಳಲ್ಲಿ, ಪಠ್ಯದ ಒಂದಕ್ಷರವೂ ಬದಲಾಗದಿದ್ದರೂ, ಕೈಪಿಡಿಯ ನಿರ್ಮಾಣವೇ ನಿಂತುಹೋಯಿತು. ಹೀಗಾದಾಗ ಜಾಲತಾಣದಲ್ಲಿ ಹಿಂದಿನ ಪ್ರತಿಯೇ ಉಳಿದು, ಅರ್ಜಿದಾರರು ರದ್ದಾದ ನಮೂನೆಯನ್ನು ಲಗತ್ತಿಸುವ ಸಂಭವವಿರುತ್ತದೆ.

ಜಿಂಜಾವನ್ನು 3.1ಕ್ಕಿಂತ ಕೆಳಗಿನ ಆವೃತ್ತಿಯಲ್ಲಿ ಉಳಿಸಿಕೊಳ್ಳುವುದು ತಾತ್ಕಾಲಿಕ ಪರಿಹಾರ ಮಾತ್ರ. ಅವಲಂಬಿತ ತಂತ್ರಾಂಶಗಳ ಆವೃತ್ತಿ ಸಂಖ್ಯೆಗಳನ್ನು ಕಡತವೊಂದರಲ್ಲಿ ನಮೂದಿಸಿ, ಸ್ಫಿಂಕ್ಸ್ ಅನ್ನೇ ಉನ್ನತೀಕರಿಸುವುದು ಸೂಕ್ತ. ಅರ್ಜಿದಾರರು ನಮೂನೆಯನ್ನು ಪಡೆಯುವ ಮೊದಲು ಕೈಪಿಡಿಯನ್ನು ಕೊನೆಯದಾಗಿ ಪರಿಷ್ಕರಿಸಿದ ದಿನಾಂಕವನ್ನು ಗಮನಿಸತಕ್ಕದ್ದು.