ಬಕಕ್ಕೆ ಕಾಲೂರಲು ಜಾಗ ಕೊಡದ ಹೊಂಡ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಸುತ್ತಿನಂಥ ಬಯಲುಸೀಮೆಯಲ್ಲಿ ಹಿತ್ತಲಿನ ತೊಟ್ಟಿಗೋ ಕೃಷಿ ಹೊಂಡಕ್ಕೋ ಮೀನುಮರಿ ಬಿಟ್ಟವರಿಗೆ ಹಕ್ಕಿಗಳ ಕಾಟ ಬೇಸಿಗೆಯಲ್ಲೇ ಹೆಚ್ಚು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆ ಇದು. ಕೆರೆಗಳು ಬತ್ತಿದಂತೆ ಕೊಳದ ಬಕ, ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳೆಲ್ಲ ಉಳಿದ ಚೂರುಪಾರು ನೀರಿಗೇ ಮುಗಿಬೀಳುತ್ತವೆ. ಆಗ ಪಟಾಕಿ ಹೊಡೆಯುವುದು, ಬೆದರುಬೊಂಬೆ ನಿಲ್ಲಿಸುವುದು ವಾಡಿಕೆ. ಹಸಿದ ಹಕ್ಕಿಗೆ ಇವೆಲ್ಲ ಬೇಗ ರೂಢಿಯಾಗಿಬಿಡುತ್ತವೆ. ಹೆದರಿಸುವುದಕ್ಕಿಂತ ಹಕ್ಕಿ ಬೇಟೆಯಾಡುವ ಬಗೆಯನ್ನು ಅರಿತು ಅದಕ್ಕೆ ಅನುಕೂಲವಾಗದಂತೆ ಹೊಂಡವನ್ನು ಸಜ್ಜುಗೊಳಿಸುವುದೇ ಮೇಲು.

ಬಕಕ್ಕೆ ಈಜಿ ಬೇಟೆಯಾಡುವ ಅಭ್ಯಾಸವಿಲ್ಲ. ಮೊಣಕಾಲುದ್ದದ ನೀರಿನಲ್ಲೋ ದಡದಲ್ಲೋ ಕದಲದೆ ನಿಂತು ಕತ್ತು ಚಾಚಿ ಕುಕ್ಕುತ್ತದೆ. ಅಂಚು ಕಡಿದಾಗಿದ್ದು ನೀರು ತುಂಬಿದ್ದರೆ ಅದಕ್ಕೆ ಕಾಲೂರಲು ಎಡೆಯಿಲ್ಲ. ನೀರು ತಳ ಕಂಡಾಗ ಮಾತ್ರ ಇಡೀ ಹೊಂಡವೇ ಅದರ ಊಟದ ತಟ್ಟೆ. ನೀರುಕಾಗೆಯ ದಾರಿ ಬೇರೆ. ಅದು ಮುಳುಗಿ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ, ಆಳ ಅದಕ್ಕೊಂದು ಅಡ್ಡಿಯೇ ಅಲ್ಲ. ಆದರೆ ಗರಿ ನೆನೆಯುವುದರಿಂದ ಮೇಲೆ ಬಂದು ರೆಕ್ಕೆ ಹರಡಿ ಒಣಗಿಸಿಕೊಳ್ಳಬೇಕು. ಹಾಗೆ ಕೂರಲು ಆಸರೆ ಸಿಗದಂತೆ ನೋಡಿಕೊಳ್ಳಿ: ಹೊಲದಲ್ಲಿ ಹುಳು ತಿನ್ನುವ ಹಕ್ಕಿಗಳಿಗೆಂದು ನೆಡುವ ಗೂಟ ಒಳ್ಳೆಯದೇ, ಹೊಂಡದ ದಂಡೆಯಲ್ಲಿ ಮಾತ್ರ ಬೇಡ. ಬೆರಳಿಗಿಂತ ಸಣ್ಣ ಕಟ್ಲಾ, ರೋಹು ಮರಿಗಳನ್ನು ನೇರ ಹೊಂಡಕ್ಕೆ ಸುರಿಯುವ ಬದಲು ಮುಚ್ಚಿದ ಸಣ್ಣ ತೊಟ್ಟಿಯಲ್ಲಿ ಬೆಳೆಸಿ ಬಿಟ್ಟರೆ ಅರ್ಧ ಚಿಂತೆ ಕಳೆದಂತೆ.

ಇಡೀ ಹೊಂಡದ ಮೇಲೆ ಬಲೆ ಬಿಗಿಯುವುದು ಇನ್ನೊಂದು ದಾರಿ, ಆದರೆ ಅದರ ಖರ್ಚು ಯಾರು ಭರಿಸಬೇಕು ಎಂಬ ತಕರಾರು ನ್ಯಾಯವಾದದ್ದೇ. 21 ಮೀಟರ್ ಉದ್ದಗಲದ ಕೃಷಿ ಹೊಂಡಕ್ಕೆ 441 ಚದರ ಮೀಟರ್ ಬಲೆ ಬೇಕು. ಅಷ್ಟು ಆಗದವರು ಅಡ್ಡಡ್ಡ ದಾರ ಬಿಗಿದರೂ ನೀರುಕಾಗೆ ಇಳಿಯಲು ತಡವರಿಸುತ್ತದೆ. ಹಳೆಯ ಮೀನುಬಲೆಯನ್ನು ಜೋಲಾಗಿ ಹೊದಿಸುವುದು ಮಾತ್ರ ತಪ್ಪು: ಹಕ್ಕಿಯೂ ಹಾವೂ ಸಿಕ್ಕಿ ಸಾಯುತ್ತವೆ. ಈ ಹಕ್ಕಿಗಳನ್ನು ಕೊಂದರೆ, ಉರುಳೊಡ್ಡಿದರೆ, ವಿಷವಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಕ್ಕಿಗೂ ಒಂದು ಪಾಲಿರಲಿ ಎನ್ನುವವರೂ ಇದ್ದಾರೆ. ಗಡಿಯಾಚೆ ಆಂಧ್ರದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಊರ ಮರಗಳಲ್ಲೇ ಗೂಡು ಕಟ್ಟುತ್ತವೆ, ಜನ ಕಾಯುತ್ತಾರೆ. ಆದರೆ ಅವು ಮೇಯುವುದು ಕೆರೆಗಳಲ್ಲಿ. ಕೆರೆ ಕೊಡುವ ಪಾಲನ್ನು ಹಿತ್ತಲ ಹೊಂಡ ಕೊಡಲಾರದು. ಮರಿ ಅಂಗೈಗಿಂತ ದೊಡ್ಡದಾದ ಮೇಲೆ ಕೊಳದ ಬಕದ ಭಯವಿಲ್ಲ. ನೀರುಕಾಗೆಗೆಂದು ಕಟ್ಟಿದ ದಾರವನ್ನು ಮೀನು ಹಿಡಿಯುವವರೆಗೂ ಬಿಚ್ಚಬಾರದು.