ಹಳೆಯ ಜೀಪಿನ ಹೀಟ್ ಮೀಟರ್ ಮತ್ತು ಅದರ ಸೆನ್ಸರ್

ನಮ್ಮ ಸದಸ್ಯರಲ್ಲಿ ಅನೇಕರ ತೋಟದ ಶೆಡ್ಡಿನಲ್ಲಿ ಹಳೆಯ ಜೀಪೊಂದು ಇನ್ನೂ ದುಡಿಯುತ್ತಿದೆ. ಗೊಬ್ಬರ ಸಾಗಿಸಲು, ಕಾಫಿ ಹಣ್ಣನ್ನು ಕಣಕ್ಕೆ ತರಲು, ಅಡಿಕೆ ಗೊನೆ ಮನೆಗೆ ಮುಟ್ಟಿಸಲು, ಅಪರಾತ್ರಿಯಲ್ಲಿ ಆಸ್ಪತ್ರೆಗೆ ಓಡಲು ಅದೇ ಆಗಬೇಕು. ಇಂಥ ಜೀಪುಗಳಲ್ಲಿ ಹೆಚ್ಚು ಪರಿಚಿತವಾದದ್ದು ಸಿಜೆ-3ಬಿ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಈ ಮಾದರಿಯನ್ನು ಮಹೀಂದ್ರ ಕಂಪನಿ ಪರವಾನಗಿ ಪಡೆದು ನಮ್ಮ ದೇಶದಲ್ಲಿ ದಶಕಗಳ ಕಾಲ ತಯಾರಿಸಿತು. ಇದರ ನಾಲ್ಕು ಸಿಲಿಂಡರಿನ, ಸುಮಾರು 2200 ಸಿ.ಸಿ.ಯ ಹರಿಕೇನ್ ಪೆಟ್ರೋಲ್ ಎಂಜಿನ್ ಗಟ್ಟಿಮುಟ್ಟಾದದ್ದು. ಆದರೆ ಎಷ್ಟೇ ಗಟ್ಟಿಯಾದ ಎಂಜಿನ್ನಾದರೂ ನೀರಿಲ್ಲದೆ ಕಾದರೆ ಉಳಿಯಲಾರದು. ಹೆಡ್ ಗ್ಯಾಸ್ಕೆಟ್ ಹೋಗುವುದು, ಹೆಡ್ ಬಾಗುವುದು ಅಥವಾ ಬಿರುಕು ಬಿಡುವುದು, ಪಿಸ್ಟನ್ ಹಿಡಿದುಕೊಳ್ಳುವುದು, ಇವೆಲ್ಲ ಕೆಲವೇ ನಿಮಿಷಗಳಲ್ಲಿ ಆಗುವ ನಷ್ಟಗಳು.

ಇದನ್ನು ಮುಂಚಿತವಾಗಿ ತಿಳಿಸುವುದು ಡ್ಯಾಶ್‌ಬೋರ್ಡಿನ ಹೀಟ್ ಮೀಟರ್. ಅದಕ್ಕೆ ಸುದ್ದಿ ಮುಟ್ಟಿಸುವುದು ಎಂಜಿನ್ನಿನ ನೀರಿನಲ್ಲಿ ಮುಳುಗಿರುವ ಒಂದು ಸಣ್ಣ ಹಿತ್ತಾಳೆಯ ಸೆನ್ಸರ್. ಅದನ್ನು ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಬದಲಾಯಿಸಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದೇ ಮುಖ್ಯ. ಮುಳ್ಳು ಮೇಲೇರಿದ ಕೂಡಲೇ "ಸೆನ್ಸರ್ ಕೆಟ್ಟಿದೆ" ಎಂದು ಗಾಡಿ ಓಡಿಸುತ್ತಲೇ ಹೋದವರು ಕೊನೆಗೆ ಎಂಜಿನ್ ಇಳಿಸಿ ರಿಪೇರಿ ಮಾಡಿಸಬೇಕಾಗುತ್ತದೆ.

ಸೆನ್ಸರ್ ಕೆಲಸ ಮಾಡುವ ಬಗೆ

ಸೆನ್ಸರಿನ ಒಳಗೆ ಥರ್ಮಿಸ್ಟರ್ ಎಂಬ ಚಿಕ್ಕ ಬಿಲ್ಲೆ ಇರುತ್ತದೆ. ತಣ್ಣಗಿರುವಾಗ ಅದು ವಿದ್ಯುತ್ತಿಗೆ ಹೆಚ್ಚು ತಡೆ ಒಡ್ಡುತ್ತದೆ. ಬಿಸಿಯಾದಂತೆ ತಡೆ ಕಡಿಮೆಯಾಗಿ, ಹೆಚ್ಚು ವಿದ್ಯುತ್ ಹರಿದು, ಮೀಟರಿನ ಮುಳ್ಳು ಮೇಲೇರುತ್ತದೆ. ಸೆನ್ಸರಿಗೆ ಬರುವುದು ಒಂದೇ ವೈರು. ಇನ್ನೊಂದು ದಾರಿ ಸೆನ್ಸರಿನ ಥ್ರೆಡ್ಡಿನ ಮೂಲಕ ಎಂಜಿನ್ನಿಗೆ, ಅಂದರೆ ಅರ್ತ್‌ಗೆ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಉಪಯೋಗಕ್ಕೆ ಬರುತ್ತದೆ.

ಯುದ್ಧಕಾಲದ ವಿಲ್ಲಿಸ್ ಜೀಪುಗಳಂಥ ಬಹಳ ಹಳೆಯ ಗಾಡಿಗಳಲ್ಲಿ ವೈರಿನ ಬದಲು ಮೀಟರಿನಿಂದ ಎಂಜಿನ್ನಿನವರೆಗೆ ತೆಳುವಾದ ಕೊಳವೆ ಇರುತ್ತದೆ. ಅದರೊಳಗಿನ ದ್ರವ ಬಿಸಿಗೆ ಆವಿಯಾಗಿ, ಆ ಒತ್ತಡ ಮುಳ್ಳನ್ನು ತಳ್ಳುತ್ತದೆ. ಇಂಥದ್ದರಲ್ಲಿ ಕೊಳವೆಯನ್ನು ಕತ್ತರಿಸಬಾರದು, ಚೂಪಾಗಿ ಮಡಿಸಬಾರದು. ಕೆಟ್ಟರೆ ಮೀಟರು, ಕೊಳವೆ, ಬಲ್ಬು ಮೂರನ್ನೂ ಒಟ್ಟಿಗೆ ಬದಲಾಯಿಸಬೇಕು. ಈ ಲೇಖನದ ಪರೀಕ್ಷೆಗಳು ವೈರಿರುವ ಗಾಡಿಗಳಿಗೆ ಮಾತ್ರ.

ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಸೆನ್ಸರ್ ಅಳೆಯುವುದು ತನ್ನನ್ನು ಮುಟ್ಟಿದ ನೀರಿನ ಬಿಸಿಯನ್ನು. ಹೋಸ್ ಪೈಪ್ ಒಡೆದು ನೀರೆಲ್ಲ ಹೋಗಿಬಿಟ್ಟರೆ ಸೆನ್ಸರಿನ ತುದಿ ಬರೀ ಗಾಳಿಯಲ್ಲಿ ನಿಲ್ಲುತ್ತದೆ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಏರಿನಲ್ಲಿ ಮೇಲಿದ್ದ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಸಮಾಧಾನಪಡಬೇಡಿ. ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಆರಿದ ಮೇಲೆ ನೀರು ನೋಡಿ.

ಮೊದಲು ನೋಡಬೇಕಾದದ್ದು

ಮುಳ್ಳು ಮೇಲೇರುತ್ತಿದ್ದರೆ ಮೊದಲು ಅದು ನಿಜವನ್ನೇ ಹೇಳುತ್ತಿದೆ ಎಂದು ತಿಳಿಯಿರಿ. ಎಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರಿನ ನೀರು, ಫ್ಯಾನ್ ಬೆಲ್ಟಿನ ಬಿಗಿ, ಹೋಸ್ ಪೈಪುಗಳು, ರೇಡಿಯೇಟರಿನ ಮುಂಭಾಗದಲ್ಲಿ ಮೆತ್ತಿಕೊಂಡ ಕೆಸರು, ತರಗೆಲೆ ಇವನ್ನು ಪರೀಕ್ಷಿಸಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಕೂಡದು, ಹೆಡ್ ಬಿರುಕು ಬಿಡಬಹುದು.

ಮುಳ್ಳು ಏಳುವುದೇ ಇಲ್ಲ ಎಂದರೆ ಥರ್ಮೋಸ್ಟಾಟ್ ಇದೆಯೇ ಎಂದು ವಿಚಾರಿಸಿ. ಘಾಟಿಯಲ್ಲಿ ಬಿಸಿಯಾಗದಿರಲೆಂದು ಅದನ್ನು ಕಿತ್ತುಹಾಕುವ ಅಭ್ಯಾಸ ಕೆಲವೆಡೆ ಇದೆ. ಅದಿಲ್ಲದಿದ್ದರೆ ನಮ್ಮ ಮಳೆಗಾಲದ ಚಳಿಯಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಪೆಟ್ರೋಲು ಹೆಚ್ಚು ಉರಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಅಲ್ಲಿ ತಪ್ಪು ಸೆನ್ಸರಿನದಲ್ಲ.

ವೈರು ಮತ್ತು ಮೀಟರಿನ ಪರೀಕ್ಷೆ

ಎಂಜಿನ್ ತಣ್ಣಗಿರುವಾಗ, ಚಾಲೂ ಮಾಡದೆ, ಕೀಲಿ ಮಾತ್ರ ತಿರುಗಿಸಿ ಆನ್ ಮಾಡಿ. ಸೆನ್ಸರಿನಿಂದ ವೈರನ್ನು ಬಿಡಿಸಿ. ಮುಳ್ಳು ತಣ್ಣಗಿನ ಕಡೆ ನಿಲ್ಲಬೇಕು. ಈಗ ವೈರಿನ ತುದಿಯನ್ನು ಎಂಜಿನ್ನಿನ ಶುಚಿಯಾದ ಲೋಹಕ್ಕೆ ತಾಗಿಸಿ. ಮುಳ್ಳು ಬಿಸಿಯ ಕಡೆ ಏಳಬೇಕು. ಎದ್ದದ್ದು ಕಂಡೊಡನೆ ವೈರು ತೆಗೆಯಿರಿ, ಹೆಚ್ಚು ಹೊತ್ತು ಹಿಡಿದರೆ ಮೀಟರ್ ಸುಡಬಹುದು. ಕಾರ್ಬುರೇಟರಿನ ಹತ್ತಿರ ಕಿಡಿ ಆಗದಂತೆ ಜಾಗ್ರತೆ ಇರಲಿ. ಕೆಲವು ಹಳೆಯ ಮೀಟರುಗಳಲ್ಲಿ ಮುಳ್ಳು ಇದಕ್ಕೆ ವಿರುದ್ಧವಾಗಿ ಓಡುವುದೂ ಉಂಟು. ಆದ್ದರಿಂದ ಗಾಡಿ ಸರಿಯಾಗಿರುವಾಗಲೇ ಒಮ್ಮೆ ನೋಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಎರಡೂ ಸರಿಯಾಗಿ ನಡೆದರೆ ಮೀಟರು, ವೈರು ಚೆನ್ನಾಗಿವೆ. ಅನುಮಾನ ಸೆನ್ಸರಿನ ಮೇಲೆ. ವೈರು ತಾಗಿಸಿದರೂ ಮುಳ್ಳು ಅಲುಗದಿದ್ದರೆ ವೈರು ತುಂಡಾಗಿದೆ, ಇಲ್ಲವೇ ಮೀಟರಿಗೆ ಕರೆಂಟ್ ಬರುತ್ತಿಲ್ಲ, ಅಥವಾ ಮೀಟರೇ ಕೆಟ್ಟಿದೆ. ವೈರು ಬಿಡಿಸಿದ ಮೇಲೂ ಮುಳ್ಳು ಬಿಸಿಯಲ್ಲೇ ನಿಂತಿದ್ದರೆ ವೈರು ಎಲ್ಲೋ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿದೆ. ತೋಟದ ಶೆಡ್ಡಿನಲ್ಲಿ ಇಲಿ ಕಡಿದ ವೈರು, ಮಳೆಗಾಲದಲ್ಲಿ ಕಿಲುಬು ಹಿಡಿದ ತುದಿ, ಇವೇ ಎಷ್ಟೋ ಸಲ ಕಾರಣ. ಮರಳು ಕಾಗದದಿಂದ ಉಜ್ಜಿದರೆ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ.

ಸೆನ್ಸರ್ ಬಿಚ್ಚುವುದು

ಬ್ಯಾಟರಿಯ ಅರ್ತ್ ತುದಿ ಬಿಚ್ಚಿ. ರೇಡಿಯೇಟರಿನ ಕೆಳಗಿನ ಕೊಳಾಯಿಯಿಂದ ಸೆನ್ಸರಿನ ಮಟ್ಟಕ್ಕಿಂತ ಕೆಳಗಾಗುವಷ್ಟು ನೀರನ್ನು ಶುಭ್ರವಾದ ಬಕೆಟ್ಟಿಗೆ ಇಳಿಸಿ. ಕೂಲೆಂಟ್ ಹಾಕಿದ ನೀರಾದರೆ ಅಂಗಳದಲ್ಲಿ ಚೆಲ್ಲಬೇಡಿ. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ಕಡು ವಿಷ. ನಾಯಿ, ದನಕರು ನೆಕ್ಕಿದರೆ ಪ್ರಾಣಕ್ಕೇ ಅಪಾಯ.

ಸೆನ್ಸರ್ ಸಾಮಾನ್ಯವಾಗಿ ಸಿಲಿಂಡರ್ ಹೆಡ್ಡಿನಲ್ಲಿ ಅಥವಾ ಥರ್ಮೋಸ್ಟಾಟಿನ ಹತ್ತಿರ ಇರುತ್ತದೆ. ವರ್ಷಗಟ್ಟಲೆ ಕೂತಿರುವುದರಿಂದ ಹಿಂದಿನ ರಾತ್ರಿಯೇ ಸುತ್ತಲೂ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಸರಿಯಾದ ಅಳತೆಯ ರಿಂಗ್ ಸ್ಪ್ಯಾನರನ್ನೇ ಬಳಸಿ. ಕಟಿಂಗ್ ಪ್ಲೇಯರ್ ಹಾಕಿದರೆ ಹಿತ್ತಾಳೆಯ ಮೂಲೆಗಳು ಉರುಟಾಗುತ್ತವೆ. ಬಿಗಿಯಾಗಿ ಕಚ್ಚಿದ್ದರೆ ಬಲ ಹಾಕಬೇಡಿ. ತುಂಡಾಗಿ ಒಳಗೇ ಉಳಿದರೆ ಕೊರೆದು ತೆಗೆಯಬೇಕಾಗುತ್ತದೆ. ಆ ಹಂತದಲ್ಲಿ ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಲೇಸು.

ಬಿಚ್ಚಿದ ಸೆನ್ಸರಿನ ತುದಿಯಲ್ಲಿ ತುಕ್ಕು, ಸುಣ್ಣದ ಪದರ ಕಟ್ಟಿದ್ದರೆ ಅದು ಬಿಸಿಯನ್ನು ತಡವಾಗಿ ತೋರಿಸುತ್ತದೆ. ಶುಚಿ ಮಾಡಿ ಪರೀಕ್ಷಿಸಿ. ಮಲ್ಟಿಮೀಟರಿನ ಒಂದು ತುದಿ ಸೆನ್ಸರಿನ ಮೊಳೆಗೆ, ಇನ್ನೊಂದು ಅದರ ಮೈಗೆ ಹಿಡಿದು, ತುದಿಯನ್ನು ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ನೀರು ಕಾಯಿಸಿ. ತಡೆ ಒಂದೇ ಸಮನೆ ಇಳಿಯುತ್ತ ಬರಬೇಕು. ಬದಲಾಗದಿದ್ದರೆ ಅಥವಾ ಜಿಗಿದಾಡಿದರೆ ಸೆನ್ಸರ್ ಹೋಗಿದೆ. ಸಮುದ್ರಮಟ್ಟಕ್ಕಿಂತ 1000 ಮೀಟರ್ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಒತ್ತಡ ಸರಿಯಾಗಿದ್ದರೆ ಪ್ರತಿ ಪೌಂಡಿಗೆ ಸುಮಾರು ಒಂದೂವರೆ ಡಿಗ್ರಿ ಹೆಚ್ಚು ತಡೆಯುತ್ತದೆ. ಎತ್ತರದ ತೋಟದವರು ಸವೆದ ಮುಚ್ಚಳವನ್ನು ಕಡೆಗಣಿಸಬಾರದು ಎನ್ನುವುದು ಇದಕ್ಕೇ.

ಹೊಸದನ್ನು ಹಾಕುವುದು

ಅಂಗಡಿಗೆ ಹೋಗುವಾಗ ಹಳೆಯ ಸೆನ್ಸರನ್ನೇ ತೆಗೆದುಕೊಂಡು ಹೋಗಿ. ಥ್ರೆಡ್ ಹೊಂದಿದರೆ ಸಾಲದು. ಸೆನ್ಸರ್ ಮತ್ತು ಮೀಟರ್ ಒಂದಕ್ಕೊಂದು ಜೋಡಿಯಾಗಿರಬೇಕು. ಬೇರೆ ಮೀಟರಿಗಾಗಿ ಮಾಡಿದ ಸೆನ್ಸರ್ ಹಾಕಿದರೆ ಮುಳ್ಳು ಆಡುತ್ತದೆ, ಆದರೆ ಸುಳ್ಳು ಹೇಳುತ್ತದೆ. ಗಾಡಿಯದು 6 ವೋಲ್ಟೋ 12 ವೋಲ್ಟೋ, ಮೀಟರ್ ಹಿಂದೆ ಎಂದಾದರೂ ಬದಲಾಗಿದೆಯೋ ಎಂಬುದನ್ನೂ ಅಂಗಡಿಯವರಿಗೆ ತಿಳಿಸಿ.

ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರಿನಿಂದ ಹದವಾಗಿ ಬಿಗಿಯಿರಿ. ವಾಷರ್ ಇದ್ದರೆ ಹೊಸ ತಾಮ್ರದ ವಾಷರನ್ನೇ ಹಾಕಿ. ಥ್ರೆಡ್ಡಿಗೆ ಬಿಳಿ ಟೇಪನ್ನು ದಪ್ಪವಾಗಿ ಸುತ್ತಬೇಡಿ. ಅರ್ತ್ ತಪ್ಪಿ ಮುಳ್ಳು ಏಳದೆ ಹೋಗಬಹುದು. ನೀರು ತುಂಬಿ, ಮುಚ್ಚಳ ತೆರೆದಿಟ್ಟೇ ತಣ್ಣನೆಯ ಎಂಜಿನ್ ಚಾಲೂ ಮಾಡಿ, ಗುಳ್ಳೆಗಳು ಹೊರಟ ಹಾಗೆ ಮತ್ತೆ ನೀರು ಸೇರಿಸಿ. ಸೆನ್ಸರಿನ ಸುತ್ತ ಗಾಳಿ ಉಳಿದರೆ ಮೀಟರ್ ಸರಿಯಾಗಿ ತೋರಿಸದು. ನಂತರ ಮುಚ್ಚಳ ಹಾಕಿ, ಸೋರಿಕೆ ನೋಡಿ.

ಕೊನೆಯದಾಗಿ, ಹೊಸ ಸೆನ್ಸರ್ ಹಾಕಿದ ಮೇಲೆ ಮಾಮೂಲು ರಸ್ತೆಯಲ್ಲಿ, ಮಾಮೂಲು ಹೊರೆಯಲ್ಲಿ ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡಿ, ಮೀಟರಿನ ಗಾಜಿನ ಮೇಲೆ ಸಣ್ಣ ಬಣ್ಣದ ಗುರುತು ಹಾಕಿ. ಗಾಡಿ ಓಡಿಸುವ ಮನೆಯವರಿಗೂ, ಚಾಲಕರಿಗೂ ಅದರ ಅರ್ಥ ತಿಳಿಸಿ. ಗುರುತಿಗಿಂತ ಮುಳ್ಳು ಮೇಲೆ ಹೋದರೂ, ಕಾರಣವಿಲ್ಲದೆ ಕೆಳಗಿಳಿದರೂ ಗಾಡಿ ನಿಲ್ಲಿಸಬೇಕು ಎಂಬುದು ಎಲ್ಲರಿಗೂ ಗೊತ್ತಿರಲಿ.