ಹುಚ್ಚ ಅಂದ್ರೆ ಬಚಾವಾ?

1981ರ ಮಾರ್ಚ್ 30. ಅಮೆರಿಕದ ಚಿತ್ರಲೋಕಕ್ಕೆ ಹಬ್ಬದ ದಿನ. ಆ ರಾತ್ರಿ ಆಸ್ಕರ್ ಪ್ರಶಸ್ತಿ ಸಮಾರಂಭ. ಆದರೆ ಸಮಾರಂಭ ನಡೆಯಲೇ ಇಲ್ಲ! ಒಂದು ದಿನ ಮುಂದಕ್ಕೆ ಹೋಯಿತು.

ಕಾರಣ? ಅದೇ ಮಧ್ಯಾಹ್ನ ರಾಜಧಾನಿ ವಾಷಿಂಗ್ಟನ್‌ನ ಒಂದು ಹೋಟೆಲಿನ ಹೊರಗೆ, ಇಪ್ಪತ್ತೈದು ವರ್ಷದ ಯುವಕನೊಬ್ಬ ಅಧ್ಯಕ್ಷ ರೇಗನ್ ಮೇಲೆ ಗುಂಡು ಹಾರಿಸಿದ್ದ. ರೇಗನ್ ಕೂಡ ಒಂದು ಕಾಲದ ಚಿತ್ರನಟರೇ. ಆರು ಗುಂಡು, ಎರಡು ಸೆಕೆಂಡೂ ಹಿಡಿಯಲಿಲ್ಲ. ಅಧ್ಯಕ್ಷರೂ ಸೇರಿ ನಾಲ್ವರಿಗೆ ಗಾಯ. ರೇಗನ್ ಬದುಕಿದರು. ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿಗೆ ತಲೆಗೇ ಗುಂಡು ಬಿತ್ತು. 2014ರಲ್ಲಿ ಸಾಯುವವರೆಗೂ ಗಾಲಿಕುರ್ಚಿಯೇ ಅವರಿಗೆ ಗತಿಯಾಯಿತು.

ಮರುದಿನ ಸಮಾರಂಭ ನಡೆದಾಗ ಶ್ರೇಷ್ಠ ನಟ ಪ್ರಶಸ್ತಿ ಪಡೆದವರು ರಾಬರ್ಟ್ ಡಿ ನೀರೋ. ವಿಧಿಯಾಟ ನೋಡಿ! ಗುಂಡು ಹಾರಿಸಿದವನ ತಲೆಯಲ್ಲಿ ಕೂತಿದ್ದ ಚಿತ್ರವೂ ಅದೇ ಡಿ ನೀರೋ ನಟಿಸಿದ್ದು. 1976ರ ‘ಟ್ಯಾಕ್ಸಿ ಡ್ರೈವರ್’!

ಹದಿನೈದು ಸಲ ಒಂದೇ ಚಿತ್ರ

ಆ ಯುವಕನ ಹೆಸರು ಜಾನ್ ಹಿಂಕ್ಲಿ. ಶ್ರೀಮಂತರ ಮನೆಯ ಮಗ. ‘ಟ್ಯಾಕ್ಸಿ ಡ್ರೈವರ್’ ಚಿತ್ರವನ್ನು ಹದಿನೈದು ಸಲ ನೋಡಿದ್ದನಂತೆ. ಚಿತ್ರದಲ್ಲಿ ಒಂಟಿ ಡ್ರೈವರ್ ಒಬ್ಬ ಅಧ್ಯಕ್ಷ ಪದವಿಯ ಅಭ್ಯರ್ಥಿಯನ್ನು ಕೊಲ್ಲಲು ಹೋಗುತ್ತಾನೆ. ಚಿಕ್ಕ ಹುಡುಗಿಯನ್ನು ಸೂಳೆಮನೆಯಿಂದ ಬಿಡಿಸುತ್ತಾನೆ. ಆ ಹುಡುಗಿಯ ಪಾತ್ರ ಮಾಡಿದ ಜೋಡಿ ಫಾಸ್ಟರ್ ಮುಂದೆ ಕಾಲೇಜು ಸೇರಿದಾಗ ಹಿಂಕ್ಲಿ ಆ ಊರಿಗೇ ಹೋದ. ಕಾಗದ ಹಾಕಿದ, ಫೋನ್ ಮಾಡಿದ. ಆಕೆ ಒಲಿಯಲಿಲ್ಲ. ಅಧ್ಯಕ್ಷರನ್ನು ಕೊಂದರೆ ಆಕೆಯ ಮನಸ್ಸು ತನ್ನ ಕಡೆ ತಿರುಗುತ್ತದೆ ಅಂತ ನಂಬಿ, ಹಾಗೇ ಒಂದು ಕಾಗದ ಬರೆದಿಟ್ಟು ಹೊರಟ.

ಅಭಿಮಾನಕ್ಕೂ ಕಾಯಿಲೆಗೂ ಇರೋ ವ್ಯತ್ಯಾಸ ಇಲ್ಲೇ ಇದೆ. ಒಂದೇ ಚಿತ್ರ ಇಪ್ಪತ್ತು ಸಲ ನೋಡಿದವರು ನಮ್ಮಲ್ಲೂ ಬೇಕಾದಷ್ಟು ಜನ ಇದ್ದಾರೆ. ಅವರ್ಯಾರೂ ಪಿಸ್ತೂಲು ಹಿಡಿಯಲಿಲ್ಲ.

ಕೋರ್ಟಿನಲ್ಲಿ ಸಿನಿಮಾ ಪ್ರದರ್ಶನ!

1982ರಲ್ಲಿ ವಿಚಾರಣೆ ನಡೆಯಿತು. ಗುಂಡು ಹಾರಿಸಿಲ್ಲ ಅಂತ ಯಾರೂ ವಾದಿಸಲಿಲ್ಲ. ಇದ್ದದ್ದು ಒಂದೇ ಪ್ರಶ್ನೆ: ಅವನಿಗೆ ಬುದ್ಧಿ ಸ್ವಾಧೀನದಲ್ಲಿತ್ತೇ? ಆರೋಪಿಯ ವಕೀಲರು ಜ್ಯೂರಿಗೆ ಆ ಚಿತ್ರವನ್ನೇ ತೋರಿಸಿದರು. ಒಂದು ಕಡೆಯ ವೈದ್ಯರು ಇದು ತೀವ್ರ ಮಾನಸಿಕ ಕಾಯಿಲೆ ಅಂದರು. ಇನ್ನೊಂದು ಕಡೆಯವರು, ಮಾಡಿದ್ದೇನು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು ಅಂದರು. ಆಗ ಅಲ್ಲಿನ ಕಾನೂನಿನಂತೆ, ಅವನ ಬುದ್ಧಿ ಸರಿಯಿತ್ತು ಎಂದು ಸರ್ಕಾರವೇ ಅನುಮಾನಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡಬೇಕಿತ್ತು. ಆಗಲಿಲ್ಲ. ಜೂನ್ 21ರಂದು ತೀರ್ಪು ಬಂತು. ಹದಿಮೂರು ಆರೋಪಗಳಲ್ಲೂ, ಬುದ್ಧಿಭ್ರಮಣೆಯ ಕಾರಣದಿಂದ ನಿರ್ದೋಷಿ!

ದೇಶವೇ ಕೆರಳಿತು. ಟೀವಿಯಲ್ಲಿ ಕಣ್ಣಾರೆ ಕಂಡ ಅಪರಾಧಕ್ಕೆ ಶಿಕ್ಷೆಯೇ ಇಲ್ಲವೇ ಎಂದು ಜನ ಕೇಳಿದರು. 1984ರಲ್ಲಿ ಕಾನೂನು ಬಿಗಿಯಾಯಿತು. ಹುಚ್ಚು ಅಂತ ಹೇಳುವವನೇ ಅದನ್ನು ರುಜುವಾತು ಮಾಡಬೇಕು ಎಂದಾಯಿತು. ಕೆಲವು ರಾಜ್ಯಗಳಂತೂ ಈ ವಾದವನ್ನೇ ತೆಗೆದುಹಾಕಿದವು.

ಸರಿ, ಹಿಂಕ್ಲಿ ಆರಾಮಾಗಿ ಮನೆಗೆ ಹೋದನೇ? ಇಲ್ಲಾ ಸ್ವಾಮಿ. ಮಾನಸಿಕ ಆಸ್ಪತ್ರೆಗೆ ಹೋದ. ಅಲ್ಲಿಂದ ಹೊರಬಂದು ತಾಯಿಯ ಜೊತೆ ಇರಲು ಅನುಮತಿ ಸಿಕ್ಕಿದ್ದು 2016ರಲ್ಲಿ. ಕೋರ್ಟಿನ ಎಲ್ಲ ಷರತ್ತು ತೀರಿದ್ದು 2022ರಲ್ಲಿ. ಹೋದಾಗ ಹುಡುಗ, ಬಂದಾಗ ಅರವತ್ತು ದಾಟಿದ ಮುದುಕ!

ಜನ ತಿಳಿದದ್ದು ಒಂದು, ನಿಜ ಇನ್ನೊಂದು

ಅಮೆರಿಕದ ಸಂಶೋಧಕರು ಎಂಟು ರಾಜ್ಯಗಳ ಕೋರ್ಟು ದಾಖಲೆ ತೆಗೆದು ಲೆಕ್ಕ ಹಾಕಿದರು. ದೊಡ್ಡ ಅಪರಾಧಗಳಲ್ಲಿ ನೂರಕ್ಕೆ ಎಷ್ಟು ಮಂದಿ ಹುಚ್ಚಿನ ವಾದ ಹೂಡುತ್ತಾರೆ ಅಂತ ಜನರನ್ನು ಕೇಳಿದರೆ ಬಂದ ಉತ್ತರ 37. ನಿಜವಾಗಿ ಹೂಡಿದವರು ನೂರಕ್ಕೆ ಒಬ್ಬರೂ ಪೂರ್ತಿ ಇಲ್ಲ! ಹೂಡಿದವರಲ್ಲೂ ಗೆದ್ದವರು ಕಾಲು ಭಾಗದಷ್ಟು ಮಾತ್ರ.

ನಮ್ಮ ಕಾನೂನಿನ ಬೇರೂ ಇಂಥದೇ ಒಂದು ಗಲಾಟೆಯಲ್ಲಿದೆ. 1843ರಲ್ಲಿ ಲಂಡನ್ನಿನಲ್ಲಿ ಮೆಕ್‌ನಾಟನ್ ಎಂಬುವನು ಪ್ರಧಾನಿಯ ಕಾರ್ಯದರ್ಶಿಯನ್ನು ಗುಂಡಿಕ್ಕಿ ಕೊಂದ. ಜ್ಯೂರಿ ಬಿಟ್ಟಿತು. ವಿಕ್ಟೋರಿಯಾ ರಾಣಿಯೇ ಸಿಟ್ಟಾದರು. ಆಗ ನ್ಯಾಯಾಧೀಶರು ಹೇಳಿದ ನಿಯಮ ನಮ್ಮ ದಂಡಸಂಹಿತೆಯ 84ನೇ ಕಲಮಾಯಿತು. 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು. ಕಾಯಿಲೆ ಇತ್ತು ಅಂದರೆ ಸಾಲದು. ಆ ಕ್ಷಣದಲ್ಲಿ ತಾನು ಮಾಡುತ್ತಿರುವುದೇನು, ಅದು ತಪ್ಪು ಎಂಬುದೇ ತಿಳಿಯದ ಸ್ಥಿತಿ ಇತ್ತೆಂದು ಆರೋಪಿಯೇ ತೋರಿಸಿಕೊಡಬೇಕು. ತೋರಿಸಿದರೂ ಬಾಗಿಲು ತೆರೆದು ಬಿಡುವುದಿಲ್ಲ. ಆಸ್ಪತ್ರೆಯಂಥ ಕಡೆ ಭದ್ರವಾಗಿ ಇಡಬಹುದು, ಇಲ್ಲವೇ ಜಾಮೀನು ಬರೆಸಿಕೊಂಡು ಬಂಧುಗಳಿಗೆ ಒಪ್ಪಿಸಬಹುದು. ಮೆಕ್‌ನಾಟನ್ ಕೂಡ ಹೊರಗೆ ಬರಲೇ ಇಲ್ಲ. 22 ವರ್ಷ ಒಳಗೇ ಇದ್ದು ಸತ್ತ.

ಆದರೂ ನಮ್ಮ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇಂಥ ಸುದ್ದಿ ಬಂದಾಗಲೆಲ್ಲ ಕೇಳೋ ಮಾತು ಒಂದೇ: “ನಾಟಕ ಕಣಯ್ಯಾ, ಹುಚ್ಚನ ವೇಷ ಹಾಕಿದ್ರೆ ಬಚಾವ್!” ಇದನ್ನು ಕಲಿಸಿದ್ದು ಬಹುಪಾಲು ನಮ್ಮ ಬೆಳ್ಳಿತೆರೆಯೇ. 2002ರ ಹಿಂದಿ ‘ದೀವಾನಗಿ’ ನೆನಪಿದೆಯೇ? ವಕೀಲ ಅಕ್ಷಯ್ ಖನ್ನಾ ಕಷ್ಟಪಟ್ಟು ಬಿಡಿಸಿದ ಮೇಲೆ ಅಜಯ್ ದೇವಗನ್ ಹುಚ್ಚು ಬರೀ ನಟನೆ ಅಂತ ಗೊತ್ತಾಗುತ್ತೆ. ಟಾಕೀಸಿನಲ್ಲಿ ನಾನೂ ಆಗಿದ್ದರೆ ಶಿಳ್ಳೆ ಹೊಡೀತಿದ್ದೆ.

ಕಾವೇರಿ ಕೇಳುವ ಪ್ರಶ್ನೆ

ಆದರೆ 1971ರ ‘ಶರಪಂಜರ’ ನೋಡಿ. ಪುಟ್ಟಣ್ಣ ಕಣಗಾಲ್ ನಿರ್ದೇಶನ, ತ್ರಿವೇಣಿಯವರ ಕಾದಂಬರಿ, ಕಲ್ಪನಾ ಅಭಿನಯ. ಆಸ್ಪತ್ರೆಯಲ್ಲಿ ಗುಣವಾಗಿ ಬಂದ ಕಾವೇರಿಯನ್ನು ಗುಣವಾದಳು ಅಂತ ಯಾರೂ ನಂಬುವುದಿಲ್ಲ. ಆ ನೋಟಗಳೇ ಅವಳನ್ನು ಮತ್ತೆ ಹುಚ್ಚಿಗೆ ತಳ್ಳುತ್ತವೆ.

ನನ್ನ ಸೋದರಮಾವ ಒಬ್ಬರು ಹಾಗೇ ಆಸ್ಪತ್ರೆಯಿಂದ ಗುಣವಾಗಿ ಊರಿಗೆ ಬಂದರು. ಯಾರಿಗೂ ಒಂದು ಏಟು ಹೊಡೆದವರಲ್ಲ. ಆದರೂ ಎಳನೀರು ಕೊಚ್ಚೋಕೆ ಅವರ ಕೈಗೆ ಮಚ್ಚು ಕೊಡ್ತಿರಲಿಲ್ಲ. “ಬೇಡ್ರೀ, ಅವರಿಗೆ ಯಾವಾಗ ಏನಾಗುತ್ತೋ!” ಅಂತ ಎದುರಿಗೇ ಅನ್ನೋರು. ಮಾವ ಸುಮ್ಮನೆ ನಕ್ಕು ಜಗಲಿ ಮೇಲೆ ಹೋಗಿ ಕೂರೋರು. ಆ ನಗು ನಾನಿನ್ನೂ ಮರೆತಿಲ್ಲ.

ವಿಚಿತ್ರ ನೋಡಿ. ಕಟಕಟೆಯಲ್ಲಿ ನಿಂತವನಿಗೆ ಕಾಯಿಲೆ ಅಂತ ವೈದ್ಯರು ಹೇಳಿದರೆ ನಾವು ನಾಟಕ ಅಂತೀವಿ. ಮನೆಗೆ ಬಂದವನಿಗೆ ವಾಸಿಯಾಗಿದೆ ಅಂತ ಅದೇ ವೈದ್ಯರು ಹೇಳಿದರೆ, ಇಲ್ಲ ಇನ್ನೂ ಹುಚ್ಚ ಅಂತೀವಿ. ಬ್ರೇಡಿಯಂಥವರ ಮನೆಯವರ ಸಂಕಟ ನಿಜ, ಅದನ್ನು ಯಾರೂ ಹಗುರ ಮಾಡಬಾರದು. ಹುಚ್ಚಿನ ವೇಷ ಹಾಕುವವರೂ ಇರಬಹುದು, ಅವರನ್ನು ಹಿಡಿಯಲಿ. ಆದರೆ ಆ ಒಬ್ಬ ವೇಷಧಾರಿಯ ಮೇಲಿನ ಸಿಟ್ಟನ್ನು ಜಗಲಿಯ ಮೇಲೆ ಸುಮ್ಮನೆ ಕೂತವರ ಮೇಲೆ ತೀರಿಸಿಕೊಳ್ಳೋದು ಯಾವ ನ್ಯಾಯ? ನೀವೇ ಹೇಳಿ.